ಹೂಮಳೆಗೆ ಕಾಯುವ ಹಳೆಯ ಗಿಡಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಕೊಡಗಿನ ಸಾರ್ವಜನಿಕ ಉದ್ಯಾನಗಳಲ್ಲೂ ಹಳೆಯ ಮನೆಗಳ ಅಂಗಳದಲ್ಲೂ ಇರುವ ಹೂವಿನ ಪೊದೆಗಿಡಗಳ ಬಗ್ಗೆ ಬಂದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಳ್ಳಲಾಗಿದೆ. ಒಂದೇ ಗಿಡದ ಬಗ್ಗೆ ಹಲವರು ಕೇಳಿದ್ದಲ್ಲಿ ಪ್ರಶ್ನೆಗಳನ್ನು ಸೇರಿಸಿ ಸಂಕ್ಷೇಪಿಸಿದ್ದೇವೆ.

ಪ್ರಶ್ನೆ: ರಾಜಾಸೀಟ್ ಉದ್ಯಾನದ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗಲೆಲ್ಲ ಪೆಟೂನಿಯ, ಸಾಲ್ವಿಯ, ಚೆಂಡುಹೂಗಳೇ ಕಣ್ಣು ತುಂಬುತ್ತವೆ. ನಾವು ಚಿಕ್ಕವರಿದ್ದಾಗ ತೋಟದ ಬಂಗಲೆಗಳ ಮುಂದೆ, ಸರ್ಕಾರಿ ಕಚೇರಿಗಳ ಆವರಣದಲ್ಲಿ ಕಾಣುತ್ತಿದ್ದ ಪೊದೆಗಿಡಗಳು ಈಗ ಏಕೆ ಅಪರೂಪವಾಗಿವೆ? ನೇರಳೆ ಬಣ್ಣದಲ್ಲಿ ಅರಳಿ ಎರಡು ಮೂರು ದಿನಗಳಲ್ಲಿ ಬೆಳ್ಳಗಾಗುತ್ತಿದ್ದ ಹೂವಿನ ಗಿಡ ಯಾವುದು? (ಓದುಗರು, ಮಡಿಕೇರಿ)

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಅದು ಬ್ರನ್‌ಫೆಲ್ಸಿಯ. ನರ್ಸರಿಗಳಲ್ಲಿ ‘ಯೆಸ್ಟರ್‌ಡೇ, ಟುಡೇ, ಟುಮಾರೋ’ ಎಂದು ಕೇಳಿದರೆ ಬೇಗ ಸಿಗುತ್ತದೆ. ಬ್ರೆಜಿಲ್ ಮೂಲದ ಈ ಗಿಡ ಬದನೆ, ಟೊಮೆಟೊಗಳ ಕುಟುಂಬಕ್ಕೆ ಸೇರಿದ್ದು, 16ನೆಯ ಶತಮಾನದ ಜರ್ಮನ್ ಸಸ್ಯಶಾಸ್ತ್ರಜ್ಞ ಒಟ್ಟೊ ಬ್ರುನ್‌ಫೆಲ್ಸ್ ಅವರ ಹೆಸರನ್ನು ಹೊತ್ತಿದೆ. ಹೂ ಬಿರಿದ ದಿನ ಗಾಢ ನೇರಳೆಯಾಗಿದ್ದು, ಮರುದಿನ ತಿಳಿಯಾಗಿ, ಮೂರನೆಯ ದಿನಕ್ಕೆ ಬಿಳಿಗೆ ತಿರುಗುತ್ತದೆ. ದಳದಲ್ಲಿರುವ ಆಂಥೋಸಯನಿನ್ ಎಂಬ ವರ್ಣದ್ರವ್ಯವು ಕ್ರಮೇಣ ಕರಗಿಹೋಗುವುದೇ ಇದಕ್ಕೆ ಕಾರಣ. ಮೂರು ಪ್ರಾಯದ ಹೂಗಳೂ ಏಕಕಾಲಕ್ಕೆ ಗಿಡದಲ್ಲಿರುವುದರಿಂದ ಒಂದೇ ಪೊದೆಯಲ್ಲಿ ಮೂರು ಬಣ್ಣದ ಹೂ ಬಿಟ್ಟಂತೆ ತೋರುತ್ತದೆ.

ಇಂತಹ ಗಿಡಗಳು ಹಿಂದೆ ಸರಿದದ್ದಕ್ಕೆ ಮುಖ್ಯ ಕಾರಣ ಕ್ಯಾಲೆಂಡರು ಎಂಬುದು ನನ್ನ ಅಭಿಪ್ರಾಯ. ಪ್ರದರ್ಶನದ ದಿನಾಂಕ ಮೊದಲೇ ನಿಗದಿಯಾಗಿರುತ್ತದೆ. ಅದಕ್ಕೆ ಮೂರು ತಿಂಗಳು ಮೊದಲು ಪೆಟೂನಿಯದ ಬೀಜ ಬಿತ್ತಿ, ಸಸಿಗಳನ್ನು ಕುಂಡಕ್ಕೆ ಬದಲಿಸಿದರೆ, ಬೇಕಾದ ವಾರಕ್ಕೆ ಬೇಕಾದ ಬಣ್ಣ ಸಿದ್ಧವಾಗುತ್ತದೆ. ಪೊದೆಗಿಡಕ್ಕೆ ಹಾಗೆ ದಿನ ಗೊತ್ತುಮಾಡಲು ಬರುವುದಿಲ್ಲ, ಏಕೆಂದರೆ ಅದು ಕಾಯುವುದು ಮಳೆಗೆ.

ಇದನ್ನು ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲವೇನೋ. ಮಳೆಗಾಲ ಮುಗಿದ ಮೇಲೆ ಕಾಫಿ ಗಿಡದ ಗೆಣ್ಣುಗಳಲ್ಲಿ ಮೊಗ್ಗು ರೂಪುಗೊಂಡು, ಡಿಸೆಂಬರಿನಿಂದ ಮುಂದಿನ ಒಣಹವೆಯಲ್ಲಿ ಬೆಳವಣಿಗೆ ನಿಲ್ಲಿಸಿ, ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಅವಧಿಯಲ್ಲಿ ಒಂದಿಂಚು ಒಂದೂವರೆ ಇಂಚು ಹೂಮಳೆ (ಮೊಗ್ಗು ಅರಳಿಸುವ ಬೇಸಿಗೆಯ ಮಳೆ) ಬಿದ್ದ ಎಂಟು ಹತ್ತು ದಿನಗಳಿಗೆ ಒಟ್ಟಿಗೆ ಅರಳುತ್ತದೆ. ರೊಬಸ್ಟಾ ಬೆಳೆಗಾರರು ಸ್ಪ್ರಿಂಕ್ಲರ್ ಹಾಕುವುದು ಈ ಮಳೆಯ ಕೆಲಸವನ್ನು ತಾವೇ ಮಾಡಲಿಕ್ಕೆ. ಮೊದಲು ಒಣಗುವಿಕೆ, ಆಮೇಲೆ ನೀರು: ಈ ಕ್ರಮ ತಪ್ಪಿದರೆ ಹೂವೂ ತಪ್ಪುತ್ತದೆ. ತಣ್ಣನೆಯ ದೇಶಗಳ ವಸಂತ ಚಳಿ ಕಳೆದು ಬೆಚ್ಚಗಾಗುವುದರಿಂದ ಹುಟ್ಟಿದರೆ, ನಮ್ಮ ಬೆಟ್ಟಗಳ ವಸಂತ ಹೆಚ್ಚಾಗಿ ಬೇಸಿಗೆಯ ಬಾಯಾರಿಕೆ ಮತ್ತು ಮೊದಲ ಮಳೆಯಿಂದ ಹುಟ್ಟುತ್ತದೆ. ಬ್ರನ್‌ಫೆಲ್ಸಿಯವೂ ಒಣ ತಿಂಗಳುಗಳಲ್ಲಿ ಸುಮ್ಮನಿದ್ದು, ನೀರು ಕಂಡ ಮೇಲೆ ಮೈತುಂಬ ಬಿಡುವ ಸ್ವಭಾವದ್ದು. ಜನವರಿಯ ಪ್ರದರ್ಶನಕ್ಕೆ ಅದನ್ನು ಕರೆತರುವುದು ಕಷ್ಟ. ಆದರೆ ಪ್ರದರ್ಶನ ಮುಗಿದು, ಕುಂಡಗಳೆಲ್ಲ ಖಾಲಿಯಾದ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಉದ್ಯಾನಕ್ಕೆ ಕಳೆ ಕೊಡಬಲ್ಲವು ಇಂತಹ ಗಿಡಗಳೇ.

ಪ್ರಶ್ನೆ: ನಮ್ಮಲ್ಲಿ ಹಿರಿಯರ ಕಾಲದ ಅಜೇಲಿಯ ಪೊದೆಗಳಿವೆ. ಪ್ರತಿವರ್ಷ ಡಿಸೆಂಬರಿನಲ್ಲಿ ಅಂದವಾಗಿ ಕತ್ತರಿಸುತ್ತೇವೆ, ಗೊಬ್ಬರ ಹಾಕುತ್ತೇವೆ. ಎಲೆ ಹಸಿರಾಗಿದೆ, ಹೂ ಮಾತ್ರ ಅಲ್ಲೊಂದು ಇಲ್ಲೊಂದು. ಗಿಡ ಮುದಿಯಾಯಿತೆಂದು ಕಿತ್ತುಹಾಕಬೇಕೆ? (ಓದುಗರು, ಸೋಮವಾರಪೇಟೆ)

ಉತ್ತರ: ದಯವಿಟ್ಟು ಕೀಳಬೇಡಿ. ತಮ್ಮ ಪತ್ರದಲ್ಲಿರುವ ‘ಡಿಸೆಂಬರಿನಲ್ಲಿ’ ಎಂಬ ಒಂದು ಪದವೇ ರೋಗವನ್ನು ಹೇಳುತ್ತಿದೆ. ಅಜೇಲಿಯ ತನ್ನ ಹೂಮೊಗ್ಗುಗಳನ್ನು ಹಿಂದಿನ ಹಂಗಾಮಿನಲ್ಲಿ ಬೆಳೆದ ರೆಂಬೆಗಳ ತುದಿಯಲ್ಲಿ, ಹೂ ಬಿಡುವ ಎಷ್ಟೋ ತಿಂಗಳು ಮೊದಲೇ ಕಟ್ಟಿಕೊಂಡಿರುತ್ತದೆ. ಡಿಸೆಂಬರಿನಲ್ಲಿ ಪೊದೆಯನ್ನು ದುಂಡಗೆ ಮಾಡುವ ಕತ್ತರಿಯು ಕತ್ತರಿಸುವುದು ಆ ತುದಿಗಳನ್ನೇ. ಅಂದರೆ ಮುಂದಿನ ಎರಡು ತಿಂಗಳ ಹೂವನ್ನೆಲ್ಲ ಬುಟ್ಟಿಗೆ ತುಂಬಿ ಗೊಬ್ಬರದ ಗುಂಡಿಗೆ ಸುರಿದಂತಾಗುತ್ತದೆ. ಪೊದೆಯ ಒಳಗೆ, ಕತ್ತರಿಗೆ ಸಿಗದೆ ಉಳಿದ ರೆಂಬೆಗಳಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು ಹೂ ಕಾಣುತ್ತಿರುವುದು ಅದಕ್ಕೇ.

ಕಾಫಿ ತೋಟದಲ್ಲಿ ಕಪಾತು (ಕೊಂಬೆ ಸವರುವುದು) ಯಾವಾಗ ಮಾಡುತ್ತೇವೆಂದು ನೆನಪಿಸಿಕೊಳ್ಳಿ: ಹಣ್ಣು ಕೊಯ್ದ ಮೇಲೆ. ಅಜೇಲಿಯಕ್ಕೂ ಹಾಗೆಯೇ ಹೂ ಉದುರಿದ ಕೂಡಲೇ, ಒಂದು ತಿಂಗಳೊಳಗೆ, ಸವರುವುದು ಮುಗಿಯಬೇಕು. ಆಗ ಮಳೆಗಾಲದುದ್ದಕ್ಕೂ ಹೊಸ ರೆಂಬೆ ಬೆಳೆದು, ಮಳೆ ಬಿಟ್ಟ ಮೇಲೆ ಅದರ ತುದಿಯಲ್ಲಿ ಮೊಗ್ಗು ಕೂರಲು ಸಮಯ ಸಿಗುತ್ತದೆ. ಬಹಳ ಹಳೆಯ, ಒಳಗೆ ಬರಿದಾದ ಪೊದೆಯಾದರೆ ಒಂದೇ ಸಲಕ್ಕೆ ಬೋಳಿಸದೆ, ವರ್ಷಕ್ಕೆ ಮೂರನೆಯ ಒಂದು ಭಾಗದಷ್ಟು ಮುದಿ ಕೊಂಬೆಗಳನ್ನು ಬುಡದ ಹತ್ತಿರ ತೆಗೆಯುತ್ತ ಬಂದರೆ ಮೂರು ವರ್ಷಗಳಲ್ಲಿ ಪೊದೆ ಪೂರ್ತಿ ಹೊಸದಾಗುತ್ತದೆ. ಪೆಟ್ಟಿಗೆಯಂತೆಯೋ ಚೆಂಡಿನಂತೆಯೋ ಕತ್ತರಿಸುವ ಚಾಳಿಯನ್ನು ಬೇಲಿ ಗಿಡಗಳಿಗೆ ಬಿಡಿ. ಎಷ್ಟೋ ಉದ್ಯಾನಗಳಲ್ಲಿ ಹೂಗಿಡಕ್ಕೂ ಬೇಲಿ ಗಿಡಕ್ಕೂ ಒಂದೇ ಕತ್ತರಿ, ಒಂದೇ ದಿನ ಬೀಳುತ್ತದೆ. ಹೂ ಕಡಿಮೆಯಾಯಿತೆಂಬ ದೂರು ಮುಂದಿನ ಬೇಸಿಗೆಯಲ್ಲಿ ಹವಾಮಾನದ ಮೇಲೆ ಬೀಳುತ್ತದೆ.

ಗೊಬ್ಬರದ ಬಗ್ಗೆಯೂ ಒಂದು ಮಾತು. ಅಜೇಲಿಯದ ಬೇರು ನೂಲಿನಷ್ಟು ಸಣ್ಣ. ಮಣ್ಣಿನ ಮೇಲ್ಪದರದಲ್ಲೇ ಹರಡಿರುತ್ತದೆ. ಗುದ್ದಲಿಯಿಂದ ಬುಡ ಬಿಡಿಸಿ ಗೊಬ್ಬರ ಹಾಕಿದರೆ ಲಾಭಕ್ಕಿಂತ ಬೇರಿಗೆ ಆಗುವ ಗಾಯವೇ ಹೆಚ್ಚು. ತರಗೆಲೆಯನ್ನು ಬುಡಕ್ಕೆ ದಪ್ಪಗೆ ಹೊದಿಸಿ, ಕಾಂಡಕ್ಕೆ ತಾಗದಂತೆ ಸ್ವಲ್ಪ ಜಾಗ ಬಿಟ್ಟರೆ ಸಾಕು. ಅದು ಕೊಳೆಯುತ್ತ ಗೊಬ್ಬರವೂ ಆಗುತ್ತದೆ, ಬೇಸಿಗೆಯಲ್ಲಿ ತೇವವನ್ನೂ ಹಿಡಿದಿಡುತ್ತದೆ.

ಇದೇ ಸಂದರ್ಭದಲ್ಲಿ, ಯಾವ ಗಿಡವನ್ನು ಯಾವಾಗ ಸವರಬೇಕೆಂದು ಕೇಳಿದ ಇತರರಿಗೂ ಹೇಳಿಬಿಡುತ್ತೇನೆ. ಹಳೆಯ ರೆಂಬೆಯಲ್ಲಿ ಹೂ ಬಿಡುವ ಅಜೇಲಿಯ, ಹೈಡ್ರೇಂಜಿಯ, ಗಂಧರಾಜಗಳನ್ನು ಹೂ ಮುಗಿದ ಮೇಲೆಯೇ ಮುಟ್ಟಬೇಕು. ಬ್ರನ್‌ಫೆಲ್ಸಿಯಕ್ಕೂ ಇದೇ ನಿಯಮ ಕ್ಷೇಮ. ಹೊಸ ಚಿಗುರಿನ ತುದಿಯಲ್ಲಿ ಹೂ ಬಿಡುವ ದಾಸವಾಳ, ಕ್ರೇಪ್ ಮಿರ್ಟಲ್‌ಗಳನ್ನು ಚಿಗುರುವ ಮೊದಲು, ಅಂದರೆ ಜನವರಿ, ಫೆಬ್ರವರಿಯಲ್ಲಿ, ಧೈರ್ಯವಾಗಿ ಕತ್ತರಿಸಬಹುದು.

ಪ್ರಶ್ನೆ: ಮಡಿಕೇರಿಯಿಂದ ತಂದ ಹೈಡ್ರೇಂಜಿಯ ಮೊದಲ ವರ್ಷ ಕಡುನೀಲಿ ಹೂ ಬಿಟ್ಟಿತು. ಈಗ ಗುಲಾಬಿ ಬಣ್ಣಕ್ಕೆ ತಿರುಗಿದೆ. ಮೋಸ ಹೋದೆವೆ? (ಓದುಗರು, ಸುಂಟಿಕೊಪ್ಪ)

ಉತ್ತರ: ಗಿಡ ಕೊಟ್ಟವರನ್ನು ಬೈಯಬೇಡಿ, ತೋಟಕ್ಕೆ ಸುಣ್ಣ ಹಾಕಿದ ಚೀಲದಲ್ಲಿ ಉಳಿದದ್ದು ಹೂಗಿಡದ ಬುಡಕ್ಕೂ ಹೋಗಿದೆಯೇ ಎಂದು ಮೊದಲು ವಿಚಾರಿಸಿ. ಜಪಾನ್ ಮೂಲದ ಈ ಹೈಡ್ರೇಂಜಿಯದ ಬಣ್ಣ ನಿರ್ಧಾರವಾಗುವುದು ಮಣ್ಣಿನ ಅಲ್ಯೂಮಿನಿಯಂ ಗಿಡಕ್ಕೆ ಸಿಗುತ್ತದೆಯೋ ಇಲ್ಲವೋ ಎಂಬುದರ ಮೇಲೆ. ಮಣ್ಣಿನ ಪಿಎಚ್ (ಹುಳಿಯ ಅಳತೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 5.5ಕ್ಕಿಂತ ಕಡಿಮೆ ಇದ್ದಾಗ ಅಲ್ಯೂಮಿನಿಯಂ ನೀರಿನಲ್ಲಿ ಕರಗಿ ಬೇರಿಗೆ ಸೇರಿ, ಹೂವಿನ ವರ್ಣದ್ರವ್ಯದ ಜೊತೆ ಕೂಡಿ ನೀಲಿಯಾಗುತ್ತದೆ. ಪಿಎಚ್ 6.5ರ ಆಸುಪಾಸಿಗೆ ಏರಿದರೆ ಅದೇ ಅಲ್ಯೂಮಿನಿಯಂ ಮಣ್ಣಿನಲ್ಲೇ ಕಟ್ಟಿಕೊಂಡು ಕೂರುತ್ತದೆ, ಹೂ ಗುಲಾಬಿಯಾಗುತ್ತದೆ. ಇವೆರಡರ ನಡುವೆ ಇದ್ದರೆ ಮಸಕು ನೇರಳೆ. ಅತಿ ಹೆಚ್ಚು ಮಳೆಯಿಂದ ಸುಣ್ಣದ ಅಂಶ ತೊಳೆದುಹೋದ ಕೊಡಗಿನ ಮಣ್ಣು ಸಹಜವಾಗಿಯೇ ಹುಳಿ; ಮಡಿಕೇರಿ ಕಡೆಯ ಹೈಡ್ರೇಂಜಿಯ ನೀಲಿಯಾಗಿರುವುದಕ್ಕೆ ಅದೇ ಕಾರಣ, ಕಾಫಿಗೆ ಆಗಾಗ ಸುಣ್ಣ ಹಾಕಬೇಕಾಗುವುದಕ್ಕೂ ಅದೇ ಕಾರಣ.

ಸುಣ್ಣ ಹಾಕಿಲ್ಲವೆಂದಾದರೆ ಗಿಡವನ್ನು ಎಲ್ಲಿ ನೆಟ್ಟಿದ್ದೀರಿ ಎಂದು ನೋಡಿ. ಹೊಸ ಸಿಮೆಂಟ್ ಗೋಡೆ, ಕಾಂಕ್ರೀಟ್ ಚರಂಡಿಗಳ ಪಕ್ಕದ ಮಣ್ಣಿಗೆ ವರ್ಷಗಟ್ಟಲೆ ಸುಣ್ಣ ಇಳಿಯುತ್ತಿರುತ್ತದೆ. ನೀಲಿಯೇ ಬೇಕೆಂದರೆ, ಒಂದು ಲೀಟರ್ ನೀರಿಗೆ ಮೂರು ನಾಲ್ಕು ಗ್ರಾಂ ಅಲ್ಯೂಮಿನಿಯಂ ಸಲ್ಫೇಟ್ ಕರಗಿಸಿ, ಮೊಗ್ಗು ಕಾಣುವ ಮೊದಲು ಕೆಲವು ವಾರಗಳ ಅಂತರದಲ್ಲಿ ಒದ್ದೆ ಮಣ್ಣಿಗೆ ಹಾಕಬಹುದು. ಹೆಚ್ಚಾದರೆ ಬೇರು ಸುಡುತ್ತದೆ. ರಂಜಕದ ಗೊಬ್ಬರವೂ ಅಲ್ಯೂಮಿನಿಯಂ ಅನ್ನು ಕಟ್ಟಿಹಾಕುವುದರಿಂದ ಎಲುಬಿನ ಪುಡಿ, ಸೂಪರ್ ಫಾಸ್ಫೇಟುಗಳನ್ನು ದೂರವಿಡಿ. ಬಣ್ಣ ಮರಳಲು ಒಂದು ಹಂಗಾಮು ಹಿಡಿಯುತ್ತದೆ. ಬಿಳಿ ಜಾತಿಯಾದರೆ ಏನು ಮಾಡಿದರೂ ನೀಲಿಯಾಗದು. ನನ್ನನ್ನು ಕೇಳಿದರೆ, ಗುಲಾಬಿಯೂ ಚೆನ್ನಾಗಿಯೇ ಇರುತ್ತದೆ.

ಪ್ರಶ್ನೆ: ಮಗನ ಮನೆಗೆಂದು ಅಮೆರಿಕಕ್ಕೆ ಹೋದಾಗ ಅಲ್ಲಿನ ಉದ್ಯಾನಗಳಲ್ಲಿ ಲೈಲಾಕ್, ಫೋರ್ಸಿಥಿಯ ಹೂಗಳನ್ನು ನೋಡಿ ಮನಸೋತೆ. ಮಡಿಕೇರಿ ತಂಪು ಊರಲ್ಲವೆ, ಇಲ್ಲಿ ಬೆಳೆಯಬಹುದೆ? ಬರುವಾಗ ಕಡ್ಡಿ ತರಬಹುದೆ? (ಓದುಗರು, ಗೋಣಿಕೊಪ್ಪ)

ಉತ್ತರ: ತಾವು ಮನಸೋತದ್ದರಲ್ಲಿ ಆಶ್ಚರ್ಯವಿಲ್ಲ. ಬಾಸ್ಟನ್ನಿನಲ್ಲಿ 1872ರಲ್ಲಿ ಸ್ಥಾಪನೆಯಾದ ಆರ್ನಲ್ಡ್ ಆರ್ಬೊರೇಟಂ ಎಂಬ ಸಸ್ಯೋದ್ಯಾನದಲ್ಲಿ 1908ರಿಂದಲೂ ಮೇ ತಿಂಗಳ ಒಂದು ಭಾನುವಾರವನ್ನು ಲೈಲಾಕ್ ನೋಡುವುದಕ್ಕೆಂದೇ ಮೀಸಲಿಡುವ ರೂಢಿ ಬೆಳೆದಿದೆ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದ ಹೈಲ್ಯಾಂಡ್ ಪಾರ್ಕಿನಲ್ಲಿ 1892ರಲ್ಲಿ ಜಾನ್ ಡನ್‌ಬಾರ್ ಎಂಬ ತೋಟಗಾರಿಕಾ ತಜ್ಞರು 20 ತಳಿಗಳಿಂದ ಆರಂಭಿಸಿದ ಲೈಲಾಕ್ ಸಂಗ್ರಹ ಈಗ 500ಕ್ಕೂ ಹೆಚ್ಚು ತಳಿಗಳ, ಸಾವಿರದ ಇನ್ನೂರರಷ್ಟು ಪೊದೆಗಳ ಗುಡ್ಡವಾಗಿದೆ. ಅಜ್ಜಿಯ ಕಾಲದ ಗಿಡವೆಂದು ಅಲ್ಲಿನವರು ಮಮತೆಯಿಂದ ಕರೆಯುವ ಪೊದೆಯನ್ನು ಹೊಸ ಫ್ಯಾಷನ್ನಿಗೆ ಬಲಿಕೊಡದೆ ಉಳಿಸಿಕೊಂಡ ರೀತಿಯಿಂದ ನಮ್ಮ ಉದ್ಯಾನಗಳು ಕಲಿಯುವುದಿದೆ.

ಆದರೆ ಗಿಡ ಇಲ್ಲಿಗೆ ಬೇಡ. ಬಾಲ್ಕನ್ ಬೆಟ್ಟಗಳ ಮೂಲದ ಲೈಲಾಕಿಗೆ ಮೊಗ್ಗು ಬಿಡಿಸಿಕೊಳ್ಳಲು, 7 ಡಿಗ್ರಿಗಿಂತ ಕೆಳಗಿನ ಚಳಿ ವಾರಗಟ್ಟಲೆ ಬೇಕು. ಮಡಿಕೇರಿಯಲ್ಲಿ ಜನವರಿಯ ರಾತ್ರಿಗಳೂ ಸಾಮಾನ್ಯವಾಗಿ 10 ಡಿಗ್ರಿಯ ಮೇಲೆಯೇ ಇರುತ್ತವೆ. ಗೋಣಿಕೊಪ್ಪದ ಮಾತು ಬಿಡಿ. ಇದರ ಜೊತೆಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಅದರ ಎಲೆಗೆ ಬೂದಿರೋಗ, ಬೇರಿಗೆ ಕೊಳೆ ಖಚಿತ. ಇನ್ನು ಕಡ್ಡಿ ತರುವುದು ಕಾನೂನುಬಾಹಿರ: 2003ರ ಸಸ್ಯ ಸಂಗರೋಧ ಆದೇಶದ ಪ್ರಕಾರ ಆಮದು ಪರವಾನಗಿ, ರಫ್ತು ಮಾಡುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಇಲ್ಲದೆ ನೆಡುವ ಸಸ್ಯಭಾಗವನ್ನು ದೇಶದೊಳಗೆ ತರುವಂತಿಲ್ಲ. ಲಂಟಾನವೂ ಒಂದು ಕಾಲಕ್ಕೆ ಉದ್ಯಾನದ ಅಲಂಕಾರಕ್ಕೆಂದೇ ಬಂದ ಗಿಡ. ಅದು ನಾಗರಹೊಳೆಯ ಕಾಡಿನಲ್ಲಿ ಹೇಗೆ ಹಬ್ಬಿ ಕೂತಿದೆ ಎಂಬುದು ತಮಗೆ ತಿಳಿದದ್ದೇ.

ಬದಲಿಗೆ ಕ್ರೇಪ್ ಮಿರ್ಟಲ್ ನೆಡಿ. ಲೈಲಾಕ್ ಬಾರದ ಅಮೆರಿಕದ ದಕ್ಷಿಣ ರಾಜ್ಯಗಳವರು ಇದನ್ನೇ ದಕ್ಷಿಣದ ಲೈಲಾಕ್ ಎಂದು ಕರೆದುಕೊಂಡಿದ್ದಾರೆ. ನಮ್ಮ ಕಾಡಿನ ನಂದಿ ಮರ, ಹೊಳೆಬದಿಯ ಹೊಳೆದಾಸವಾಳಗಳ ಹತ್ತಿರದ ನೆಂಟ. ಗೋಣಿಕೊಪ್ಪದ ಬಿಸಿಲಿಗೆ ಚೆನ್ನಾಗಿ ಒಗ್ಗುತ್ತದೆ. ಫೋರ್ಸಿಥಿಯದ ಹಳದಿ ಬೇಕೆಂದಿದ್ದರೆ ಚೀನಾ ಮೂಲದ ಪ್ರಿಮ್‌ರೋಸ್ ಮಲ್ಲಿಗೆಯನ್ನು ದಿಬ್ಬದ ಮೇಲೆ ನೆಟ್ಟು, ಬಳ್ಳಿಯಂತಹ ರೆಂಬೆಗಳು ಕೆಳಕ್ಕೆ ಜೋಲಲು ಬಿಡಿ. ಪರಿಮಳ ಮಾತ್ರ ನಿರೀಕ್ಷಿಸಬೇಡಿ.

ಪ್ರಶ್ನೆ: ಕುಶಾಲನಗರದ ರಸ್ತೆ ಬದಿಯಲ್ಲಿ ಕಾಗದದ ಹೂ ಬೆಂಕಿಯಂತೆ ಬಿಡುತ್ತದೆ, ಅಲ್ಲಿಂದಲೇ ತಂದ ಗಿಡ ನಮ್ಮಲ್ಲಿ ಬರೀ ಎಲೆ. (ಓದುಗರು, ಭಾಗಮಂಡಲ)

ಉತ್ತರ: ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಇರುವ ಅಂತರವೇ ಉತ್ತರ. ಬೊಗೇನ್‌ವಿಲ್ಲಕ್ಕೆ ಬಾಯಾರಿಕೆ ಬೇಕು. ಬೇರು ಹಸಿಯಾಗಿದ್ದಷ್ಟು ದಿನ ಅದು ಎಲೆಯನ್ನೇ ಬೆಳೆಸುತ್ತದೆ. ಇಟ್ಟಿಗೆ ಚೂರು, ಮರಳು ಬೆರೆಸಿದ ಎತ್ತರದ ದಿಣ್ಣೆಗೆ, ದಿನವಿಡೀ ಬಿಸಿಲು ಬೀಳುವಲ್ಲಿಗೆ ಬದಲಿಸಿ, ಡಿಸೆಂಬರಿನ ನಂತರ ಎಲೆ ಬಾಡುವವರೆಗೂ ನೀರು ಹಾಕದೆ ಬಿಟ್ಟರೆ ಫೆಬ್ರವರಿ ಹೊತ್ತಿಗೆ ಬಣ್ಣ ಕಾಣಬಹುದು. ನಾವು ಹೂವೆನ್ನುವ ಆ ಕಾಗದದಂತಹ ಭಾಗ ಬಣ್ಣದ ಎಲೆಯಷ್ಟೆ; ನಿಜವಾದ ಹೂ ಅದರ ನಡುವಿನ ಸಣ್ಣ ಬಿಳಿ ಕೊಳವೆ. ಬೊಗೇನ್‌ವಿಲ್ ಎಂಬ ಫ್ರೆಂಚ್ ನಾವಿಕನ ಭೂಪ್ರದಕ್ಷಿಣೆಯ ಹಡಗಿನಲ್ಲಿದ್ದ ಸಸ್ಯಶಾಸ್ತ್ರಜ್ಞ ಕೊಮರ್ಸೋಂ 1767ರಲ್ಲಿ ರಿಯೊ ಡಿ ಜನೈರೊದಲ್ಲಿ ಈ ಗಿಡವನ್ನು ಸಂಗ್ರಹಿಸಿದರು. ಅವರ ಸಹಾಯಕಿ ಝಾನ್ ಬಾರೆ ಗಂಡಸಿನ ವೇಷದಲ್ಲಿ ಆ ಹಡಗೇರಿದ್ದರು. ಭೂಪ್ರದಕ್ಷಿಣೆ ಮಾಡಿದ ಮೊದಲ ಮಹಿಳೆಯೆಂದು ಅವರನ್ನು ಗುರುತಿಸಲಾಗುತ್ತದೆ. ಗಿಡಕ್ಕೆ ಮಾತ್ರ ನಾಯಕನ ಹೆಸರೇ ಬಂತು.

ಪ್ರಶ್ನೆ: ಶಾಲೆಯ ಪಕ್ಕದ ಸಣ್ಣ ಸಾರ್ವಜನಿಕ ಉದ್ಯಾನಕ್ಕೆ ಹಳೆಯ ಕಾಲದ ಹೂಗಿಡಗಳನ್ನು ನೆಡಬೇಕೆಂದಿದ್ದೇವೆ. ಮಕ್ಕಳಿರುವ ಜಾಗಕ್ಕೆ ಯಾವುದು ಸೂಕ್ತ? ಸಸಿಗಳನ್ನು ಎಲ್ಲಿಂದ ತರುವುದು? (ಶಿಕ್ಷಕರು, ವಿರಾಜಪೇಟೆ)

ಉತ್ತರ: ಬೇಡವಾದವುಗಳನ್ನು ಮೊದಲು ತೆಗೆದುಹಾಕೋಣ. ಕಣಗಿಲೆಯ ಎಲೆ, ಹೂ, ಕಡ್ಡಿ ಎಲ್ಲವೂ ಹೃದಯದ ಮೇಲೆ ಪರಿಣಾಮ ಮಾಡುವ ವಿಷ. ಹಳದಿ ಹೂವಿನ ಕಣಗಿಲೆಯೂ ಅಷ್ಟೇ, ಅದರ ಬೀಜ ಇನ್ನೂ ಅಪಾಯಕಾರಿ. ಗಂಟೆಯಂತೆ ಜೋತುಬೀಳುವ ಬ್ರಗ್‌ಮ್ಯಾನ್ಸಿಯ ದತ್ತೂರದ ಬಳಗದ್ದು. ಮೇಲೆ ಹೊಗಳಿದ ಬ್ರನ್‌ಫೆಲ್ಸಿಯವೂ ವಿಷದ ಗಿಡವೇ, ಮುಖ್ಯವಾಗಿ ಅದರ ಕಾಯಿ ತಿಂದ ನಾಯಿಗಳಿಗೆ ಸೆಳವು ಬರುತ್ತದೆ. ದೊಡ್ಡವರು ಓಡಾಡುವ ಉದ್ಯಾನದಲ್ಲಿ, ದಾರಿಯಿಂದ ಒಳಗೆ ಅದು ಇರಲಿ, ಶಾಲೆಯ ಪಕ್ಕ ಬೇಡ.

ನೆಡಬೇಕಾದವುಗಳಲ್ಲಿ ನನ್ನ ಮೊದಲ ಆಯ್ಕೆ ಕೇಪಳ. ಹಿಂದಿನ ಅಂಗಳಗಳ ಗಿಡ, ಕಾಡಂಚಿನಲ್ಲೂ ತಾನಾಗಿ ಬೆಳೆಯುವುದು, ಮಳೆಗೂ ಬಿಸಿಲಿಗೂ ಜಗ್ಗದು, ಹಣ್ಣಾದರೆ ಮಕ್ಕಳು ತಿನ್ನುತ್ತಾರೆ. ಅದರ ಜೊತೆ ಗಂಧರಾಜ, ಮುಸೆಂಡ. ಇವು ಮೂರೂ ಕಾಫಿಯ ಕುಟುಂಬದವೇ ಎಂದು ಮಕ್ಕಳಿಗೆ ತೋರಿಸಿ ಹೇಳಬಹುದು: ಕೇಪಳದ ಹೂವಿನ ಉದ್ದ ಕೊಳವೆಯನ್ನು ಕಾಫಿ ಹೂವಿನ ಪಕ್ಕದಲ್ಲಿಟ್ಟರೆ, ಎದುರುಬದುರಾಗಿ ಕೂತ ಎಲೆಗಳನ್ನು ನೋಡಿದರೆ, ನೆಂಟಸ್ತಿಕೆ ಗೊತ್ತಾಗುತ್ತದೆ. ಒಂದು ಮೂಲೆಗೆ ಸಾಲಾಗಿ ದಾಸವಾಳ. 20ನೆಯ ಶತಮಾನದ ಆರಂಭದ ದಶಕಗಳಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಕ್ರುಂಬಿಗಲ್ ಅವರು ಬೆಂಗಳೂರಿನ ರಸ್ತೆಗಳಲ್ಲಿ ಒಂದು ಮರದ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಜಾತಿಗಳನ್ನು ಆರಿಸಿದ್ದರು. ಸಣ್ಣ ಉದ್ಯಾನದಲ್ಲಿ ಪೊದೆಗಿಡಗಳಿಂದಲೇ ಅದನ್ನು ಮಾಡಬಹುದು: ಚಳಿಗಾಲಕ್ಕೆ ಪಾಯಿನ್‌ಸೆಟಿಯ (ಹಾಲು ಚರ್ಮಕ್ಕೆ ತುರಿಕೆ ತರುವುದರಿಂದ ಬೇಲಿಯ ಆಚೆ), ಫೆಬ್ರವರಿಗೆ ಅಜೇಲಿಯ, ಹೂಮಳೆಯ ನಂತರ ಗಂಧರಾಜ, ಮಳೆ ಹಿಡಿಯುವ ಹೊತ್ತಿಗೆ ಹೈಡ್ರೇಂಜಿಯ (ಅಜೇಲಿಯ, ಹೈಡ್ರೇಂಜಿಯಗಳನ್ನೂ ತಿಂದರೆ ವಿಷವಾದ್ದರಿಂದ ಅವೂ ಬೇಲಿಯ ಆಚೆ). ಗಿಡದಿಂದ ಗಿಡಕ್ಕೆ ನಾಲ್ಕರಿಂದ ಐದು ಅಡಿ ಬಿಡಿ. ಮೊದಲ ಎರಡು ವರ್ಷ ಜಾಗ ಖಾಲಿಯೆನಿಸುತ್ತದೆ. ಆ ಖಾಲಿಯನ್ನು ಸಹಿಸಿಕೊಳ್ಳಬೇಕು.

ಸಸಿಗಳಿಗೆ ತೋಟಗಾರಿಕೆ ಇಲಾಖೆಯ ಸಸ್ಯಾಗಾರಗಳಲ್ಲಿ ವಿಚಾರಿಸಿ. ಅಲ್ಲಿ ಸಿಗದ ಹಳೆಯ ಬಣ್ಣಗಳು ಸಿಗುವುದು ಹಳೆಯ ಅಂಗಳಗಳಲ್ಲೇ. ಆ ಮನೆಯವರನ್ನು ಕೇಳಿ, ಜೂನ್ ಮಳೆ ಹಿಡಿದ ಮೇಲೆ ಪೆನ್ಸಿಲ್ ಗಾತ್ರದ ಕಡ್ಡಿ ತಂದು ನೆಟ್ಟರೆ ದಾಸವಾಳ ಸುಲಭವಾಗಿ ಬೇರು ಬಿಡುತ್ತದೆ. ಹೈಡ್ರೇಂಜಿಯಕ್ಕೆ ಹೂವಿಲ್ಲದ ಎಳೆಯ ರೆಂಬೆ ಆರಿಸಿ. ಅಜೇಲಿಯ, ಗಂಧರಾಜಗಳಿಗೆ ಗೂಟಿ ಕಟ್ಟುವುದು (ರೆಂಬೆ ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸುವುದು) ಹೆಚ್ಚು ಭರವಸೆಯ ದಾರಿ. ಸಾರ್ವಜನಿಕ ಉದ್ಯಾನದ ಗಿಡದಿಂದ ಕಡ್ಡಿ ಮುರಿದು ತರುವವರೂ ಇದ್ದಾರೆ. ಹೂ ಮುಗಿದು ಮಾಲಿಗಳು ಸವರುವ ದಿನ ಹೋಗಿ ಕೇಳಿದರೆ ಅದೇ ಕಡ್ಡಿ ಹೊರೆಗಟ್ಟಲೆ ಸಿಗುತ್ತದೆ.

ಪ್ರಶ್ನೆ: ಗಂಧರಾಜದ ಮೊಗ್ಗು ಅರಳುವ ಮೊದಲೇ ಉದುರುತ್ತದೆ. (ಓದುಗರು, ನಾಪೋಕ್ಲು)

ಉತ್ತರ: ಬೇಸಿಗೆಯಲ್ಲಿ ಒಂದು ವಾರ ಒಣಗಿಸಿ ಮರುವಾರ ನೀರು ಸುರಿಯುವ ಅಭ್ಯಾಸವಿದ್ದರೆ ನಿಲ್ಲಿಸಿ. ಮೊಗ್ಗು ಕಂಡ ಮೇಲೆ ತೇವ ಒಂದೇ ಸಮನೆ ಇರಬೇಕು. ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ಅಲ್ಲಿಗೂ ಸುಣ್ಣ ಹೋಗಿರಬಹುದು.

ಪ್ರಶ್ನೆ: ಗೇಟಿನ ಎರಡೂ ಬದಿಗೆ ಪಾಯಿನ್‌ಸೆಟಿಯ ಇದೆ. ಎಡಗಡೆಯದು ಡಿಸೆಂಬರಿನಲ್ಲಿ ಕೆಂಪಾಗುತ್ತದೆ, ಬಲಗಡೆಯದು ಹಸಿರಾಗಿಯೇ ಉಳಿಯುತ್ತದೆ. ಒಂದೇ ತಾಯಿಗಿಡದ ಕಡ್ಡಿಗಳು. (ಓದುಗರು, ಪೊನ್ನಂಪೇಟೆ)

ಉತ್ತರ: ಬಲಗಡೆಯ ಗಿಡದ ಮೇಲೆ ಬೀದಿದೀಪದ ಅಥವಾ ಗೇಟಿನ ದೀಪದ ಬೆಳಕು ಬೀಳುತ್ತಿರಬೇಕು. ಮೆಕ್ಸಿಕೊದ ಈ ಗಿಡ ಸೆಪ್ಟೆಂಬರ್ ಕೊನೆಯಿಂದ ರಾತ್ರಿ ಉದ್ದವಾಗುವುದನ್ನು ಲೆಕ್ಕ ಹಾಕಿ, ತುದಿಯ ಎಲೆಗಳಿಗೆ ಕೆಂಪು ತರುತ್ತದೆ. ಹನ್ನೆರಡು ಗಂಟೆಗಿಂತ ಹೆಚ್ಚಿನ ಕತ್ತಲೆ ನಡುವೆ ತುಂಡಾಗದೆ ಸಿಗಬೇಕು. ದೀಪವನ್ನು ಆರಿಸಲು ಬಾರದಿದ್ದರೆ, ಹೂ ಮುಗಿಯುವ ಫೆಬ್ರವರಿ ಕೊನೆಗೆ ಗಿಡವನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ, ಆಮೇಲೆ ಚಿಗುರಿ ಬೆಳೆದ ಕಡ್ಡಿಗಳನ್ನೇ ಮನೆಯ ನೆರಳು ದೀಪಕ್ಕೆ ಅಡ್ಡವಾಗುವ ಜಾಗದಲ್ಲಿ ಮಳೆಗಾಲದ ಆರಂಭಕ್ಕೆ ನೆಡಿ. ಕತ್ತರಿಸಿದಾಗ ಒಸರುವ ಹಾಲು ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ.